ಆಗೊಂದು ಈಗೊಂದು ಕಾಳು

ಶ್ರೀ ವೀತರಾಗಾಯ ನಮಃ
ಹಳೇಬೀಡು
೧೬ ಜೂನ್ ೧೯೭೯

ಚಿ. ಚಂದ್ರುವಿಗೆ ಅಕ್ಕ ಪದ್ಮಲತಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನೂ ನಿನ್ನ ಇಲಿಗಳೂ ಕ್ಷೇಮವೆಂದು ನಂಬಿದ್ದೇನೆ. ಅರಸೀಕೆರೆಯಲ್ಲಿ ಅಮ್ಮ ಮನೆಗೆ ಬಂದವರಿಗೆಲ್ಲ "ನಮ್ಮ ಜಿನಚಂದ್ರ ಮೈಸೂರಲ್ಲಿ ಹುಚ್ಚು ಬಿಡಿಸೋ ಓದು ಓದ್ತಿದಾನೆ" ಎಂದು ಹೇಳಿಕೊಳ್ಳುತ್ತಿದ್ದಾಳಂತೆ. ಮನಶ್ಶಾಸ್ತ್ರದ ಎಂ.ಎ. ಎಂದರೆ ಬಿಳಿ ಇಲಿಗಳ ಮುಂದೆ ಕೂರುವುದು ಎಂದು ನಾನಂತೂ ಇನ್ನೂ ಬಾಯಿ ಬಿಟ್ಟಿಲ್ಲ. ಈ ಉಪಕಾರ ನೆನಪಿರಲಿ.

ಈಗ ಮುಖ್ಯ ಸುದ್ದಿ. ಕೂತುಕೊಂಡು ಓದು. ನನಗೆ ಕೆಲಸ ಸಿಕ್ಕಿದೆ ಕಣೋ! ಹುಲಿಕೆರೆಯ ಪ್ರಾಥಮಿಕ ಶಾಲೆಗೆ ಟೀಚರ್ ಎಂದು ಆರ್ಡರ್ ಬಂದಿದೆ. ಇಲ್ಲಿಂದ ನಡೆದೇ ಹೋಗಬಹುದಾದ ಊರು, ಬಸ್ಸಿಗೂ ಕಾಯಬೇಕಿಲ್ಲ. ಮದುವೆಗೆ ಮುಂಚೆ ಕಷ್ಟಪಟ್ಟು ಮುಗಿಸಿದ ಟಿ.ಸಿ.ಎಚ್. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಕೊಳೆಯುತ್ತದೆ ಎಂದುಕೊಂಡಿದ್ದೆ. ಜುಲೈ ಮಧ್ಯದೊಳಗೆ ಹೋಗಿ ಹಾಜರಾಗಬೇಕು. ತಪ್ಪಿದರೆ ಪಟ್ಟಿಯಲ್ಲಿ ನನ್ನ ನಂತರ ಇರುವವರಿಗೆ ಹೋಗುತ್ತದೆ.

ನಿನ್ನ ಭಾವನಿಗೆ ತೋರಿಸಿದೆ. "ಭೇಷ್ ಪದ್ಮಾ" ಎಂದರು. ಅತ್ತೆಯ ಮುಖ ನೋಡಿದರು. ಆಮೇಲೆ "ನೋಡೋಣ" ಎಂದರು. ಅತ್ತೆಯೂ "ನೋಡೋಣವಂತೆ, ಅವಸರ ಏನಿದೆ" ಎನ್ನುತ್ತ ನನ್ನ ಬಾಯಿಗೆ ಸಕ್ಕರೆ ಹಾಕಿದರು.

ಈ ಮನೆಯ ರೀತಿ ನಿನಗೆ ಗೊತ್ತಲ್ಲ. ಯಾರೂ ದನಿ ಎತ್ತುವುದಿಲ್ಲ. ಕಟುಮಾತೂ ಹಿಂಸೆಯೇ ಎಂದು ನಂಬಿದವರು. ನಮ್ಮ ಅಪ್ಪ ಆಗಿದ್ದರೆ ಒಂದು ಸಲ ಗುಡುಗುತ್ತಿದ್ದರು, ನಾನೂ ಗುಡುಗಿ ಗೆಲ್ಲುತ್ತಿದ್ದೆ. ನೋಡೋಣ ಎನ್ನುವವರ ಜೊತೆ ಹೇಗೆ ಜಗಳವಾಡಲಿ? ಇಷ್ಟೊಂದು ಓದುತ್ತೀಯ, ನಿನ್ನ ಭಾವನ ಬಾಯಲ್ಲಿ ಒಂದು "ಹೂಂ" ಹೊರಡಿಸುವ ಉಪಾಯ ಹೇಳಿಕೊಡು. ನನಗೆ ಈ ಕೆಲಸ ಬೇಕೇ ಬೇಕು.

ನಿನ್ನ ಅಕ್ಕ


ಮೈಸೂರು
೨೫ ಜೂನ್ ೧೯೭೯

ಟೀಚರಮ್ಮನವರಿಗೆ ವಿದ್ಯಾರ್ಥಿಯ ಸಾಷ್ಟಾಂಗ ನಮಸ್ಕಾರ.

ನಿನ್ನ ಕಾಗದ ಓದಿ ಹಾಸ್ಟೆಲಿನ ವರಾಂಡದಲ್ಲಿ ಕುಣಿದೆ. ಪಕ್ಕದ ರೂಮಿನವರಿಗೆ ಬಾಳೆಹಣ್ಣು ಹಂಚಿದೆ. ಉಪಾಯ ಕೇಳಿದ್ದೀಯ. ನಮ್ಮ ಶಾಸ್ತ್ರ ಇರುವುದೇ ಅದಕ್ಕೆ.

ವರ್ತನಾವಾದ ಹೇಳುವುದು ಇಷ್ಟೇ. ಮನಸ್ಸಿನೊಳಗೆ ಏನಿದೆ ಎಂದು ಕೆದಕಬೇಡ, ಅದು ಯಾರಿಗೂ ಕಾಣುವುದಿಲ್ಲ. ಪ್ರಾಣಿ ಏನು ಮಾಡಿತು, ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು ಎಂದಷ್ಟೇ ನೋಡು. ನನ್ನ ಇಲಿ ಒಂದು ಪೆಟ್ಟಿಗೆಯಲ್ಲಿರುತ್ತದೆ. ಗೋಡೆಯಲ್ಲಿ ಒಂದು ಸಣ್ಣ ಸನ್ನೆ, ಎಂದರೆ ಒತ್ತುವ ಕಡ್ಡಿ. ಇಲಿ ಅದನ್ನು ಒತ್ತಿದರೆ ತಟ್ಟೆಗೆ ಕಾಳು ಬೀಳುತ್ತದೆ. ಮೊದಲು ಸನ್ನೆಯ ಹತ್ತಿರ ಸುಳಿದರೂ ಸಾಕು, ಕಾಳು ಹಾಕುತ್ತೇವೆ. ಆಮೇಲೆ ಮುಟ್ಟಿದರೆ ಮಾತ್ರ. ಆಮೇಲೆ ಒತ್ತಿದರೆ ಮಾತ್ರ. ಹೀಗೆ ಮೆಲ್ಲಗೆ ದಾರಿಗೆ ತರುವುದು.

ಭಾವನನ್ನೂ ಹಾಗೇ ದಾರಿಗೆ ತಾ. ಅವರು ಶಾಲೆಯ ಮಾತೆತ್ತಿದ ಕೂಡಲೆ ತಟ್ಟೆಗೆ ಏನಾದರೂ ಸಿಹಿ ಬೀಳಲಿ. ಮಾತು ಬದಲಿಸಿದರೆ ಸಿಟ್ಟಾಗಬೇಡ, ಸುಮ್ಮನೆ ಒಳಗೆ ಎದ್ದು ಹೋಗು. ಬಯ್ಯುವುದರಿಂದ ಯಾವ ಪ್ರಾಣಿಯೂ ಕಲಿಯುವುದಿಲ್ಲ. ಕಳೆದ ದೀಪಾವಳಿಗೆ ಬಂದಾಗ ಊಟದೆಲೆಯ ಮುಂದೆ ಇದನ್ನೆಲ್ಲ ಎಷ್ಟು ಚೆನ್ನಾಗಿ ವಿವರಿಸಿದ್ದೆ! ನೀನು ಆಕಳಿಸಿ ಎದ್ದು ಹೋದೆ. ಕೊನೆಯವರೆಗೂ ಕೂತು ಕೇಳಿದವರು ಭಾವ ಒಬ್ಬರೇ.

ಒಂದು ವಿಷಯ ಅಮ್ಮನಿಗೆ ತಿಳಿಯಬಾರದು. ಇಲಿ ಕಲಿಯಬೇಕಾದರೆ ಹಸಿದಿರಬೇಕು. ಅದಕ್ಕಾಗಿ ಅವಕ್ಕೆ ಹೊಟ್ಟೆಗೆ ಕಡಿಮೆ ಹಾಕಿ ಇಟ್ಟಿರುತ್ತೇವೆ. ನಾನು ಪೆಟ್ಟಿಗೆಯ ಹತ್ತಿರ ಹೋದರೆ ಸಾಕು, ಜಾಲರಿ ಹಿಡಿದು ಎದ್ದು ನಿಲ್ಲುತ್ತವೆ. ಬೇರೆ ಹುಡುಗರಿಗೆ ಏನೂ ಅನ್ನಿಸುವುದಿಲ್ಲ.

ನಿನ್ನ ಚಂದ್ರು


ಹಳೇಬೀಡು
೧೧ ಜುಲೈ ೧೯೭೯

ಚಿ. ಚಂದ್ರುವಿಗೆ ಆಶೀರ್ವಾದಗಳು.

ನಿನ್ನ ಶಾಸ್ತ್ರ ದೊಡ್ಡದು ಕಣೋ. ಕೇಳು. ಒಂದು ಮಧ್ಯಾಹ್ನ ಇವರು ತಾವಾಗಿಯೇ "ಹುಲಿಕೆರೆ ಸ್ಕೂಲಿಗೆ ಹೆಂಚು ಹೊದಿಸಿದಾರಂತೆ" ಎಂದರು. ನಾನು ತಡಮಾಡದೆ ಬಿಸಿ ಹೋಳಿಗೆ ಬಡಿಸಿ ತುಪ್ಪ ಸುರಿದೆ. ಮರುದಿನ "ಅಲ್ಲಿ ಮಕ್ಕಳು ಜಾಸ್ತಿನಾ?" ಎಂದರು. ಕಡುಬು! ಅತ್ತೆ ಮಾತ್ರ "ಇದೇನೇ ಪದ್ಮಾ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ದಿನಾ ಪಾಕ ಏರಿಸ್ತೀಯ" ಎಂದು ನಕ್ಕರು. ನಾಲ್ಕನೆಯ ದಿನಕ್ಕೆ ಇವರು ಅತ್ತೆಯ ಎದುರಿಗೇ "ಹೋಗಲಿ ಬಿಡಮ್ಮ, ಕಲಿತ ವಿದ್ಯೆ" ಎಂದುಬಿಟ್ಟರು. ಅಂದು ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಮತ್ತೆ ಸುದ್ದಿಯಿಲ್ಲ. ಕೇಳಿದರೆ ಮುಗುಳುನಗೆ. ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ. ಭಾನುವಾರ ಬೇಲೂರಿಗೆ ಕರೆದುಕೊಂಡು ಹೋಗಿ, ಸ್ಕೂಲಿಗೆ ಉಟ್ಟು ಹೋಗಲು ಎಂದು ತಾವೇ ಹೇಳಿ ಸೀರೆ ಕೊಡಿಸಿದರು. ತಿಳಿನೀಲಿ, ಸಣ್ಣ ಅಂಚು. ನಮ್ಮದೇ ಬಟ್ಟೆ ಅಂಗಡಿ ಇದ್ದೂ ಬೇರೆ ಅಂಗಡಿಯಲ್ಲಿ ಕೊಂಡರು ನೋಡು, ಅಷ್ಟು ಪ್ರೀತಿ. ಆಮೇಲೆ ಮತ್ತೆ ಮೌನ. ಗಡುವು ಹತ್ತಿರ ಬಂತೆಂದು ನಾನು ಅತ್ತೇಬಿಟ್ಟೆ. ಇವರು ತಾವೇ ಹಾಸನಕ್ಕೆ ಹೋಗಿ ಯಾರ ಯಾರನ್ನೋ ಕಂಡು ಆಗಸ್ಟ್ ಹದಿನೆಂಟರವರೆಗೆ ಕಾಲಾವಕಾಶ ಬರೆಸಿಕೊಂಡು ಬಂದರು. ಇಷ್ಟು ಮಾಡುವ ಗಂಡ ಯಾರಿಗೆ ಸಿಗುತ್ತಾನೆ?

ಇಲಿಗಳ ವಿಷಯ ಓದಿ ಸಂಕಟವಾಯಿತು. ಚಿಕ್ಕಂದಿನಲ್ಲಿ ಬಸದಿಯ ಪಾಠದಲ್ಲಿ ಅಹಿಂಸಾವ್ರತ ಕೆಡುವ ಐದು ಬಗೆ ಬಾಯಿಪಾಠ ಮಾಡಿಸಿದ್ದರಲ್ಲ, ನೀನು ನನಗಿಂತ ಜೋರಾಗಿ ಹೇಳುತ್ತಿದ್ದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಅದರಲ್ಲಿ ಎಷ್ಟು ನಿನ್ನ ಸಿಲಬಸ್ಸಿನಲ್ಲಿವೆ? ತಮಾಷೆಗೆ ಕೇಳಿದೆ, ಬೇಜಾರು ಮಾಡಿಕೊಳ್ಳಬೇಡ.

ಅಕ್ಕ


ಮೈಸೂರು
೨೪ ಜುಲೈ ೧೯೭೯

ಪ್ರೀತಿಯ ಅಕ್ಕನಿಗೆ,

ನಿನ್ನ ತಮಾಷೆ ತಾಗಬೇಕಾದ ಕಡೆಗೇ ತಾಗಿತು. ನಾನು ಮಾಡಿಕೊಂಡ ಎಡವಟ್ಟು ಕೇಳಿದರೆ ನೀನು ನಗುತ್ತೀಯ, ಇಲ್ಲಿ ಯಾರೂ ನಗುತ್ತಿಲ್ಲ. ನನ್ನ ಪ್ರಯೋಗಕ್ಕೆ ಕೊಟ್ಟಿದ್ದ ಹೊತ್ತು ಸಂಜೆ ಏಳು. ಕಾಳು ಬೀಳುವುದೆಲ್ಲ ಸೂರ್ಯ ಮುಳುಗಿದ ಮೇಲೆ. ಹೊತ್ತು ಮುಳುಗಿದ ಮೇಲೆ ನಾನೇ ತಿನ್ನುವುದಿಲ್ಲ, ಹಸಿದ ಪ್ರಾಣಿಯನ್ನು ಅಲ್ಲಿಯವರೆಗೆ ಕಾಯಿಸಿ ತಿನ್ನಿಸುವುದು ನನ್ನ ಕೈಯಲ್ಲಿ ಆಗಲಿಲ್ಲ. ಐದು ಗಂಟೆಗೇ ಹೋಗಿ ಗುಟ್ಟಾಗಿ ಹಿಡಿ ಹಿಡಿ ಕಾಳು ಹಾಕಿಬಿಡುತ್ತಿದ್ದೆ. ಏಳಕ್ಕೆ ಅವು ಸನ್ನೆಗೆ ಬೆನ್ನು ಹಾಕಿ ಗಡದ್ದಾಗಿ ಮಲಗಿರುತ್ತಿದ್ದವು. ಹೊಟ್ಟೆ ತುಂಬಿದ ಇಲಿಗೆ ಯಾವ ಪಾಠವೂ ಹತ್ತುವುದಿಲ್ಲ. ಮೇಷ್ಟರಿಗೆ ತಿಳಿದು "ನೀನು ಸನ್ಯಾಸಿ ಆಗು, ಸೈಕಾಲಜಿ ಬೇಡ" ಎಂದರು. ಎಲ್ಲ ಮೊದಲಿನಿಂದ ಮಾಡಬೇಕು.

ಈಗ ನಿಯಮದ ಪ್ರಕಾರವೇ ಮಾಡುತ್ತಿದ್ದೇನೆ. ಪುಸ್ತಕದಲ್ಲಿ ಓದಿದ್ದ ಒಂದು ಅಚ್ಚರಿಯನ್ನು ಈಗ ಕಣ್ಣಾರೆ ಕಂಡೆ, ಬರೆಯುತ್ತೇನೆ. ಎರಡು ಗುಂಪು ಮಾಡಿದ್ದೇವೆ. ಒಂದು ಗುಂಪಿಗೆ ಒತ್ತಿದಾಗಲೆಲ್ಲ ಕಾಳು. ಇನ್ನೊಂದಕ್ಕೆ ಆಗೊಂದು ಈಗೊಂದು, ಯಾವಾಗ ಬೀಳುತ್ತದೆಂದು ಗೊತ್ತಾಗದ ಹಾಗೆ. ಆಮೇಲೆ ಎರಡಕ್ಕೂ ಕಾಳು ಪೂರ್ತಿ ನಿಲ್ಲಿಸಿದೆವು. ಪ್ರತಿ ಸಲ ತಿಂದು ಬೆಳೆದ ಇಲಿಗಳು ಸ್ವಲ್ಪ ಹೊತ್ತು ಒತ್ತಿ, ಇನ್ನಿಲ್ಲ ಎಂದು ತಿಳಿದು ಬಿಟ್ಟುಬಿಟ್ಟವು. ಇನ್ನೊಂದು ಗುಂಪಿನವು ಬಿಡುವುದೇ ಇಲ್ಲ ಅಕ್ಕ. ಒತ್ತುತ್ತವೆ, ತಟ್ಟೆ ನೋಡುತ್ತವೆ, ಒತ್ತುತ್ತವೆ. ಕಡಿಮೆ ಸಿಕ್ಕವೇ ಹೆಚ್ಚು ದುಡಿಯುತ್ತವೆ. ಎಷ್ಟು ಸೊಗಸಾದ ಫಲಿತಾಂಶ!

ಭಾವ ಹಾಸನದವರೆಗೆ ಹೋಗಿಬಂದರಲ್ಲ, ಇನ್ನೇನು ಚಿಂತೆ. ನಿನ್ನ ಕೆಲಸ ಆಯಿತೆಂದೇ ತಿಳಿ.

ಚಂದ್ರು


ಹಳೇಬೀಡು
೨ ಆಗಸ್ಟ್ ೧೯೭೯

ಚಂದ್ರು,

ನಿನ್ನ ಸೊಗಸಾದ ಫಲಿತಾಂಶ ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ನಾನು ಹೋಳಿಗೆ ಬಡಿಸಿ ನಿನ್ನ ಭಾವನನ್ನು ಪಳಗಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹಿಂದಕ್ಕೆ ತಿರುಗಿ ನೋಡಿದರೆ ಬೇರೆಯೇ ಕಾಣುತ್ತಿದೆ. ಒಂದು ದಿನ "ಹೋಗಲಿ ಬಿಡಮ್ಮ" ಎನ್ನುತ್ತಾರೆ. ಆಮೇಲೆ ದಿನಗಟ್ಟಲೆ ಏನೂ ಇಲ್ಲ. ನಾನು ಸೋತು ಕೈಬಿಡುವ ಹೊತ್ತಿಗೆ ಸರಿಯಾಗಿ ಒಂದು ಸೀರೆ, ಒಂದು ಬೇಲೂರು, ಒಂದು ಹಾಸನ. ಮತ್ತೆ ನಾನು ನಗುನಗುತ್ತ ಮನೆಯನ್ನೆಲ್ಲ ತೊಳೆದು ಬಳಿದು, ಅತ್ತೆಯ ಕಾಲು ಒತ್ತಿ, ಅಂಗಡಿಯ ಬಟ್ಟೆ ಮಡಿಸಿಕೊಡುತ್ತೇನೆ. ಇಲ್ಲ ಎಂದು ಒಮ್ಮೆ ಹೇಳಿದ್ದರೆ ಅವತ್ತೇ ಜಗಳ ತೆಗೆದು ಹೊರಟುಬಿಡುತ್ತಿದ್ದೆ ಕಣೋ. ಇಲ್ಲ ಎನ್ನುವುದಿಲ್ಲವಲ್ಲ, ಅದಕ್ಕೇ ಇಲ್ಲೇ ಇದ್ದೇನೆ. ಯಾರ ಮೇಲೆ ದೂರು ಹೇಳಲಿ? ಎಲ್ಲರೂ ಒಳ್ಳೆಯವರು.

ಹದಿನೆಂಟನೆಯ ತಾರೀಖು ಕೊನೆಯ ದಿನ. ಶನಿವಾರ, ಬೆಳಗಿನ ಶಾಲೆ. ನೀನು ಹದಿನೇಳಕ್ಕೇ ಇಲ್ಲಿಗೆ ಬಾ. ನನ್ನ ಜೊತೆ ಹುಲಿಕೆರೆಗೆ ನಡೆದು ಬಾ. ನೀನು ಏನೂ ಮಾತಾಡುವುದು ಬೇಡ, ಪಕ್ಕದಲ್ಲಿದ್ದರೆ ಸಾಕು. ತಮ್ಮ ಬಂದಿದ್ದಾನೆ, ಹೊರಟಿದ್ದೇವೆ ಎಂದರೆ ಹೊಸ್ತಿಲು ದಾಟಬಲ್ಲೆ. ಒಬ್ಬಳೇ ಆದರೆ ಆಗುವುದಿಲ್ಲವೆಂದು ಹೆದರಿಕೆ.

ಪದ್ಮಕ್ಕ


ಮೈಸೂರು
೧೩ ಆಗಸ್ಟ್ ೧೯೭೯

ಪ್ರೀತಿಯ ಅಕ್ಕನಿಗೆ,

ಉತ್ತರ ತಡವಾಯಿತು, ಕ್ಷಮಿಸು. ನೀನು ಕರೆದ ದಿನಕ್ಕೆ ಬರಲು ಸಾಧ್ಯವಿಲ್ಲ. ಮೊದಲ ಸಲ ಕೆಡಿಸಿದ್ದರಿಂದ ಈಗ ಒಂದು ಸಂಜೆಯೂ ತಪ್ಪಿಸುವಂತಿಲ್ಲ. ರಜೆ ಕೇಳಿದ್ದಕ್ಕೆ ಮೇಷ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನನಗೂ ಇಲ್ಲಿ ಕೈಕಾಲು ಕಟ್ಟಿದ ಹಾಗಿದೆ.

ನೀನು ಸುಮ್ಮನೆ ಏನೇನೋ ಕಲ್ಪಿಸಿಕೊಂಡು ಕೊರಗುತ್ತಿದ್ದೀಯ. ಮನುಷ್ಯ ಇಲಿಯಲ್ಲ ಅಕ್ಕ. ಇಲಿಗೆ ತನ್ನ ಪೆಟ್ಟಿಗೆಯ ಲೆಕ್ಕಾಚಾರ ತಿಳಿಯದು, ನಿನಗೆ ತಿಳಿಯುತ್ತದೆ. ತಿಳಿದವರನ್ನು ಯಾರು ಕಟ್ಟಿಹಾಕುತ್ತಾರೆ? ಮೊನ್ನೆ ಭಾವನ ಕಾಗದವೂ ಬಂದಿತ್ತು. ಹದಿನೆಂಟಕ್ಕೆ ತಾವೇ ಸ್ಕೂಟರಿನಲ್ಲಿ ಕರೆದೊಯ್ಯುವುದಾಗಿ ಬರೆದಿದ್ದಾರೆ. ನನ್ನ ಪ್ರಯೋಗ ಎಲ್ಲಿಗೆ ಬಂತೆಂದೂ ಆಸಕ್ತಿಯಿಂದ ವಿಚಾರಿಸಿದ್ದಾರೆ. ಅಂಥವರ ಮೇಲೆ ಅನುಮಾನ ಪಡುವುದು ನಿನಗೆ ಒಪ್ಪುವುದಿಲ್ಲ.

ತಿಳಿನೀಲಿ ಸೀರೆ ಉಟ್ಟು ಹೋಗು. ಮೊದಲ ದಿನದ ಸುದ್ದಿ ಬರೆ.

ಚಂದ್ರು


ಹಳೇಬೀಡು
೨೨ ಆಗಸ್ಟ್ ೧೯೭೯

ಜಿನಚಂದ್ರನಿಗೆ,

ಮೊದಲ ದಿನದ ಸುದ್ದಿ ಕೇಳಿದ್ದೀಯ. ಬರೆಯುತ್ತೇನೆ.

ನಸುಕಿಗೇ ಎದ್ದು ಮಿಂದು ಬಸದಿಗೆ ಹೋಗಿಬಂದೆ. ತಿಳಿನೀಲಿ ಸೀರೆ ಉಟ್ಟೆ. ಅತ್ತೆ ತಾವೇ ಹೂ ಮುಡಿಸಿ, ಬುತ್ತಿಗೆ ಚಿತ್ರಾನ್ನ ಕಟ್ಟಿ, "ಹೊತ್ತು ಮುಳುಗೋದರೊಳಗೆ ಬಂದುಬಿಡು ಮಗಾ" ಎಂದರು. ನಿನ್ನ ಭಾವ ಸ್ಕೂಟರ್ ಒರೆಸಿ ನಿಲ್ಲಿಸಿದರು. ದಾರಿಯಲ್ಲೇ ಅಂಗಡಿ, ಆಳು ಕೃಷ್ಣಪ್ಪ ಮೆಟ್ಟಿಲ ಮೇಲೆ ಕಾಯುತ್ತಿದ್ದ. "ಬಾಗಿಲು ತೆಗೆದು ಕೃಷ್ಣಪ್ಪನಿಗೆ ಒಪ್ಪಿಸಿ ಒಂದೇ ನಿಮಿಷಕ್ಕೆ ಬಂದೆ" ಎಂದು ಒಳಗೆ ಹೋದರು. ಅಷ್ಟರಲ್ಲಿ ಗೆಂಡೆಹಳ್ಳಿಯಿಂದ ಮದುವೆ ಬಟ್ಟೆಗೆಂದು ಒಂದು ದೊಡ್ಡ ಗುಂಪು ಬಂದಿಳಿಯಿತು. ಹೆಂಗಸರೇ ಹೆಚ್ಚು. "ಪದ್ಮಾ, ಇವರಿಗೆ ಒಂದೆರಡು ಧಾರೆ ಸೀರೆ ತೋರಿಸ್ತಿರು, ಹೊರಟೇಬಿಡೋಣ" ಎಂದರು. ತೋರಿಸಿದೆ. ಮದುವಣಗಿತ್ತಿಯ ಅಜ್ಜಿಗೆ ಯಾವ ಬಣ್ಣವೂ ಹಿಡಿಸಲಿಲ್ಲ. "ಇದು ಬ್ಯಾಡ ಕಣವ್ವ, ಮಾಸಿದಂಗೈತೆ. ಆ ಮ್ಯಾಗಿನದು ಇಳ್ಸು" ಎನ್ನುವುದು, ನಾನು ಇಳಿಸುವುದು. ನಡುನಡುವೆ ಇವರು ನನ್ನ ಕಡೆ ನೋಡಿ ಕೀಲಿಕೈ ಆಡಿಸಿ ತೋರಿಸುತ್ತಿದ್ದರು. ಇದೋ ಹೊರಟೆ ಎನ್ನುವ ಹಾಗೆ.

ಹುಲಿಕೆರೆ ಎಷ್ಟು ದೂರ ಹೇಳು. ಎದ್ದು ನಡೆದಿದ್ದರೆ ಶಾಲೆ ಬಿಡುವುದರೊಳಗೆ ಸೇರುತ್ತಿದ್ದೆ. ಬಾಗಿಲು ತೆರೆದಿತ್ತು. ಯಾರೂ ಕೈ ಹಿಡಿದಿರಲಿಲ್ಲ. ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರಲ್ಲ ಎಂದು ಕೂತೆ. ಆ ಹಾಳು ಸೀರೆಗಳ ನಡುವೆ ಕೂತೇ ಇದ್ದೆ. ಬೆಳಗಿನ ಶಾಲೆಯ ಮಕ್ಕಳು ಪಾಟೀಚೀಲ ಬೀಸಿಕೊಂಡು ಅಂಗಡಿಯ ಮುಂದೆ ಮನೆಗೆ ಹೋದವು. ಆಗ ಇವರು ಗಡಿಯಾರ ನೋಡಿ "ಅಯ್ಯಯ್ಯೋ" ಎಂದರು. ಮುಖದಲ್ಲಿ ನಿಜವಾದ ನೋವಿತ್ತು.

ಸಂಜೆ ಊಟದ ಹೊತ್ತಿಗೆ ನಾನು ಅಳುತ್ತಿದ್ದೆ. ಇವರು ನನ್ನ ಪಕ್ಕ ಕೂತು ಸಮಾಧಾನ ಮಾಡುತ್ತ ಅಂಗಡಿಯ ಮಾತೆತ್ತಿದರು. "ಕೃಷ್ಣಪ್ಪ ಕೆಲಸ ಬಿಡ್ತೀನಿ ಅಂತ ಹಟ ಹಿಡಿದಿದ್ದನಲ್ಲ, ಈಗ ಹೇಗೆ ನಿಂತ ನೋಡು. ಎಲ್ಲಾ ನಿಮ್ಮ ಚಂದ್ರು ಹೇಳಿಕೊಟ್ಟಿದ್ದು. ಯಾರಿಗೂ ಇಲ್ಲ ಅನ್ನಬಾರದಂತೆ. ಕೇಳಿದಾಗಲೆಲ್ಲ ಕೊಡಲೂಬಾರದಂತೆ. ಆಗೊಂದು ಈಗೊಂದು ಕೊಡ್ತಿದ್ರೆ ನಗ್ತಾ ನಗ್ತಾ ಇದ್ದುಬಿಡ್ತಾರಂತೆ."

"ಮನೇಲೂ ಹಾಗೇನಾ?" ಎಂದು ಕೇಳಿದೆ.

"ನೀನೇ ಹೇಳು, ಈ ಮನೇಲಿ ಒಂದು ದಿನ ಜಗಳ ಆಗಿದೆಯಾ?" ಎಂದು ನನ್ನ ಕಣ್ಣೊರೆಸಿದರು. ಎಷ್ಟು ಮೆತ್ತಗಿನ ಕೈ ಗೊತ್ತೇನು.

ಹೇಳಿಕೊಟ್ಟಿದ್ದು ನೀನೇನಾ? ಹೌದು ಅಥವಾ ಇಲ್ಲ ಎಂದು ಬರೆ. ಅದಕ್ಕಿಂತ ಹೆಚ್ಚಿಗೆ ಏನೂ ಬೇಡ.

ಪದ್ಮಲತಾ


ಮೈಸೂರು
೨೭ ಸೆಪ್ಟೆಂಬರ್ ೧೯೭೯

ಅಕ್ಕ,

ಇದು ಮೂರನೆಯ ಕಾಗದ. ಹಿಂದಿನ ಎರಡಕ್ಕೂ ನಿನ್ನಿಂದ ಒಂದಕ್ಷರವಿಲ್ಲ. ಹೌದು ಎಂದು ಮೊದಲನೆಯದರಲ್ಲೇ ಬರೆದೆ. ದೀಪಾವಳಿಯಲ್ಲಿ ಭಾವ ಕೇಳಿದ್ದು ಅಂಗಡಿಯ ಆಳುಗಳ ವಿಷಯ. ನಾನು ಜಂಬದಿಂದ ಹೇಳಿದೆ. ಆ ಮಾತು ಅಡುಗೆಮನೆಗೆ ಹೋಗುತ್ತದೆಂದು ನನಗೆ ಹೊಳೆಯಲಿಲ್ಲ.

ಬಯ್ದು ಬರೆ. ಒಂದು ಖಾಲಿ ಕಾರ್ಡನ್ನಾದರೂ ಅಂಚೆಗೆ ಹಾಕು. ಮಧ್ಯಾಹ್ನದ ಟಪಾಲಿಗೆ ದಿನಾ ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲುತ್ತೇನೆ. ಪ್ರಯೋಗ ಮುಗಿಯಿತು, ಮೇಷ್ಟರು ಮೆಚ್ಚಿದರು. ಆ ಕೋಣೆಯ ಮುಂದೆ ಹಾಯಬಾರದೆಂದು ನಾನು ಹಿಂದಿನ ಮೆಟ್ಟಿಲಲ್ಲಿ ಓಡಾಡುತ್ತೇನೆ. ನೀನು ಹೊರಟು ಮೈಸೂರಿಗೆ ಬಂದುಬಿಡು ಅಕ್ಕ. ಅಪ್ಪನಿಗೆ ನಾನು ಹೇಳುತ್ತೇನೆ. ಇಲ್ಲಿ ಖಾಸಗಿ ಶಾಲೆಗಳಿವೆ, ಕೆಲಸ ಹುಡುಕೋಣ. ಎಲ್ಲಾ ತಿಳಿದ ಮೇಲೂ ಅಲ್ಲಿ ಯಾಕೆ ಇದ್ದೀಯ?

ಚಂದ್ರು


ಹಳೇಬೀಡು
೧೨ ನವೆಂಬರ್ ೧೯೭೯

ಚಿ. ಚಂದ್ರುವಿಗೆ ಆಶೀರ್ವಾದಗಳು.

ಬೇಕೆಂದೇ ಬರೆಯದೆ ಇದ್ದೆ. ನಿನಗೆ ನೋವಾಗಲಿ ಎಂದೇ. ಈಗ ಸಿಟ್ಟು ಇಳಿದಿದೆ. ನೀನು ದಿನಾ ಬಾಗಿಲಲ್ಲಿ ನಿಂತದ್ದನ್ನು ಇನ್ನೊಮ್ಮೆ ಓದಿ ಬರೆಯಲು ಕೂತೆ. ಇನ್ನು ಹಾಗೆ ಮಾಡುವುದಿಲ್ಲ.

ಯಾಕೆ ಇದ್ದೀಯ ಎಂದು ಕೇಳಿದ್ದೀಯ. ನಿನ್ನೆ ನಡೆದದ್ದನ್ನು ಬರೆಯುತ್ತೇನೆ, ನೀನೇ ನೋಡಿಕೋ.

ಈಗ ಮಧ್ಯಾಹ್ನದ ಹೊತ್ತು ನಾನು ಅಂಗಡಿಯಲ್ಲೇ ಕೂರುತ್ತೇನೆ. "ನಾಲ್ಕು ಜನರನ್ನ ನೋಡಬೇಕು ಅಂತಿದ್ದೆಯಲ್ಲ" ಎಂದು ಇವರೇ ಕರೆದುಕೊಂಡು ಹೋದರು. ನಿನ್ನೆ ಒಬ್ಬ ಹುಡುಗಿ ಬಂದಳು. ಇಪ್ಪತ್ತರ ಆಸುಪಾಸು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು, ಬೆರಳ ತುದಿಯೆಲ್ಲ ಬೆಳ್ಳಗಿತ್ತು. "ಅಕ್ಕಾ, ದಿನಾ ಒಗೆದ್ರೂ ಬಣ್ಣ ಬಿಡದಂಥದ್ದು ಎರಡು ಸೀರೆ ಕೊಡಿ. ಐಕ್ಳು ಸೀಮೆಸುಣ್ಣದ ಕೈಲೇ ಮೈಮೇಲೆ ಬೀಳ್ತವೆ" ಎಂದಳು.

ನನಗೆ ತಿಳಿಯಿತು. ಆದರೂ ಯಾವ ಊರ ಶಾಲೆ ಎಂದು ಕೇಳಿದೆ.

"ಹುಲಿಕೆರೇದು. ನನ್ನೆಸ್ರು ಬೀರಮ್ಮ. ನನಗಿಂತ ಮೊದಲು ಯಾರಿಗೋ ಆರ್ಡರ್ ಆಗಿತ್ತಂತೆ, ಆಯಮ್ಮ ಬರ್ಲೇ ಇಲ್ವಂತೆ. ಎಲ್ಲಿದ್ದಾಳೋ ಪುಣ್ಯಾತಗಿತ್ತಿ, ಅವಳ ಹೊಟ್ಟೆ ತಣ್ಣಗಿರ್ಲಿ. ನಮ್ಮನೇಲಿ ಈಗ ಎರಡು ಹೊತ್ತು ಒಲೆ ಉರೀತೈತೆ."

ಗಟ್ಟಿ ಬಣ್ಣದವು ಆರಿಸಿ ಕೊಟ್ಟೆ. ಅಂಚಿಗೆ ಅಂಚು ಕೂಡಿಸಿ ಮಡಿಸಿದೆ. ಅವಳ ಮೇಲೆ ಸಿಟ್ಟು ಬರಲಿಲ್ಲ. ಇವತ್ತು ಸಂಜೆಗೆ ಚೀಲ ಕಟ್ಟಿ ಹೊರಟೇಬಿಡುತ್ತೇನೆ, ಮೈಸೂರಿಗೆ ಹೋಗುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ನಿನ್ನ ಆಣೆಗೂ ನಿಜ.

ಆಗ ಗಲ್ಲಾದ ಹತ್ತಿರದಿಂದ ಇವರು ದೊಡ್ಡದಾಗಿ ಹೇಳಿದರು: "ನಮ್ಮನೆಯವರೂ ಟೀಚರ್ ಓದಿದವರೇ ಕಣಮ್ಮ. ಬೇಲೂರಲ್ಲಿ ಬರೋ ಜೂನ್‌ಗೆ ಹೊಸ ಶಾಲೆ ತೆಗೀತಾರೆ. ಮಾತಾಡಿದೀನಿ, ಇವರನ್ನ ಅಲ್ಲಿಗೆ ಸೇರಿಸ್ತೀನಿ." ಆ ಹುಡುಗಿ ನನ್ನನ್ನು ಬೇರೆಯೇ ಕಣ್ಣಿನಿಂದ ನೋಡಿ "ಹೌದಾ ಟೀಚರ್?" ಎಂದಳು.

ಇವರು ಯಾರ ಹತ್ತಿರವೂ ಮಾತಾಡಿಲ್ಲ. ನನಗೆ ಗೊತ್ತು. ಯಾಕೆ ಹಾಗೆ ಹೇಳಿದರು, ಯಾಕೆ ಅದೇ ಹೊತ್ತಿಗೆ ಹೇಳಿದರು, ಅದೂ ಗೊತ್ತು. ಅದಕ್ಕೆ ನಿನ್ನ ಪುಸ್ತಕದಲ್ಲಿ ಏನು ಹೆಸರಿದೆಯೋ ಬರೆಯಬೇಡ. ತಿಳಿದವರನ್ನು ಯಾರೂ ಕಟ್ಟಿಹಾಕಲಾರರು ಎಂದಿದ್ದೆಯಲ್ಲ, ಅದೊಂದನ್ನು ಮಾತ್ರ ನಿನ್ನ ಪರೀಕ್ಷೆಯಲ್ಲಿ ಬರೆದುಬಿಡಬೇಡ. ಅಷ್ಟೆಲ್ಲ ಗೊತ್ತಿದ್ದೂ ನನಗೆ ಖುಷಿಯಾಯಿತು ಕಣೋ ಚಂದ್ರು. ಮೈಯೆಲ್ಲ ಬೆಚ್ಚಗಾಯಿತು.

ಮನೆಗೆ ಬಂದವಳೇ, ಶಾಲೆಯ ಹೊತ್ತಿಗೆ ಬೇಲೂರು ಸೇರಿಸುವ ಬೆಳಗಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಅತ್ತೆಯನ್ನು ಕೇಳಿದೆ.

ನಿನ್ನ ಅಕ್ಕ
ಪದ್ಮಲತಾ